ಕಿತ್ತಳೆ ಬಣ್ಣದ ಕೋಟು

ನೆಬ್ರಾಸ್ಕದ ಆ ಸಣ್ಣ ಊರಿನ ಟಯರ್ ಅಂಗಡಿಯಲ್ಲಿ ಸರದಿಗಾಗಿ ಕಾಯುತ್ತಿದ್ದ ಡ್ವೈಟ್ ಪತ್ರಿಕೆ ಹಿಡಿದಿದ್ದನೇ ಹೊರತು ಓದುತ್ತಿರಲಿಲ್ಲ. ಎದುರು ಬೆಂಚಿನಲ್ಲಿ ವೆಲ್ಡಾ ಮತ್ತು ಅವಳ ಅಕ್ಕ ಆರ್ಡಿತ್ ಮಡಿಲ ಮೇಲೆ ನಕಾಶೆ ಹರಡಿಕೊಂಡು ಕೂತಿದ್ದರು.

“ಅಲ್ಲಕ್ಕ, ನಮ್ಮ ಚರ್ಚಿನ ಹಳೇಬಟ್ಟೆ ಅಂಗಡೀಲೇ ಮೊದಲು ಭಾವನ ಕೋಟು ಹುಡುಕೋದಲ್ವಾ?”

“ಅಲ್ಲಿರಲ್ಲ ಕಣೆ. ಸತ್ತವರ ಬಟ್ಟೆ ಇದೇ ಊರಲ್ಲಿ ಮಾರಿದ್ರೆ ಹೆಂಡ್ತಿ ಕಣ್ಣಿಗೆ ಬೀಳುತ್ತೆ ಅಂತ ಬೇರೆ ಊರಿನ ಅಂಗಡಿಗೆ ಕಳಿಸ್ತಾರೆ. ಮೂವತ್ತು ವರ್ಷ ಆ ಅಂಗಡಿ ನೋಡ್ಕೊಂಡು ನಾನೇ ಕಳಿಸಿಲ್ವಾ?”

“ಯಾವೂರಿಗೆ ಅಂತ ಕೇಳೋಣ.”

“ಹೇಳಲ್ಲ. ಹೇಳಬಾರದು ಅಂತ ರೂಲ್ ಮಾಡಿದವಳೂ ನಾನೇ.”

ಕಿವಿ ಅತ್ತಲೇ ಇಟ್ಟಿದ್ದ ಡ್ವೈಟ್ ಪತ್ರಿಕೆಯನ್ನು ಇನ್ನಷ್ಟು ಮೇಲೆತ್ತಿದ.

“ಹಾಗಾದ್ರೆ ಸುತ್ತಲ ಆರೂ ಊರು ತಿರುಗಬೇಕು. ಒಂದು ಅಂಗಡಿ ಮಂಗಳವಾರ ಮಾತ್ರ ತೆಗೆಯುತ್ತೆ, ಇನ್ನೊಂದು ಗುರುವಾರ.”

“ಮೋಟೆಲಲ್ಲಿ ಇದ್ದುಬಿಡೋಣ.”

“ಸೊಂಟಕ್ಕೆ ಆಪರೇಷನ್ ಆಗಿ ತಿಂಗಳಾಗಿಲ್ಲ ನಿಂಗೆ!”

“ಸೊಂಟ ನಂದು. ಗಾಡಿ ಓಡ್ಸೋದು ನೀನು.”

“ನಿನ್ನ ಮಗಳು ಕಾರ್ಲಾಗೆ ಗೊತ್ತಾದ್ರೆ?”

“ಗೊತ್ತಾಗ್ಲಿ. ನಾನು ಆಸ್ಪತ್ರೇಲಿದ್ದಾಗ ಅವರಪ್ಪನ ಕೋಟು ಚರ್ಚಿಗೆ ಎತ್ತಿ ಕೊಟ್ಟಳಲ್ಲ, ನನ್ನನ್ನ ಕೇಳಿದ್ಲಾ?”

“ಬೇಟೆಗೆ ಹಾಕ್ಕೊಳ್ಳೋ ಕೋಟು ಅಕ್ಕ ಅದು. ಬೇರೆ ಬೇಟೆಗಾರರು ಗುಂಡು ಹೊಡೀಬಾರದು ಅಂತ ಕಣ್ಣು ಕುಕ್ಕೋ ಕಿತ್ತಳೆ ಬಣ್ಣ, ಜೇಬೆಲ್ಲ ಹರಿದಿದೆ. ಸಿಕ್ಕಿದ್ರೆ ಏನ್ಮಾಡ್ತೀಯ?”

ಟಯರ್ ಹಾಕಿ ಆಯಿತೆಂದು ಒಳಗಿನಿಂದ ಕೂಗು ಬಂತು. ಆರ್ಡಿತ್ ಕೋಲೂರಿ ಎದ್ದು, ತಂಗಿ ಚಾಚಿದ ಕೈ ಹಿಡಿಯದೆ ಬಾಗಿಲವರೆಗೂ ನಡೆದಳು.

“ಭಾನುವಾರ ಅದನ್ನೇ ಹಾಕ್ಕೊಂಡು ಚರ್ಚಿಗೆ ಹೋಗ್ತೀನಿ. ಮುಂದಿನ ಸಾಲಲ್ಲಿ, ಕಾರ್ಲಾ ಪಕ್ಕದಲ್ಲೇ ಕೂತ್ಕೋತೀನಿ.”