ಮೂಗಪ್ಪನ ಮೂಗಿಗೊಂದು ಸನ್ಮಾನ

ವೇದಿಕೆಯ ಮೇಲಿರುವ ಮಾನ್ಯ ಅಧ್ಯಕ್ಷರೇ, ನನಗೇ ಗೊತ್ತಿಲ್ಲದ ನನ್ನ ಗುಣಗಳನ್ನೆಲ್ಲ ಹೇಳಿದ ಮುಖ್ಯ ಅತಿಥಿಗಳೇ, ಗ್ಯಾಸ್ ಏಜೆನ್ಸಿಯ ಸಹೋದ್ಯೋಗಿಗಳೇ, ಟೀ ಬರುವವರೆಗೆ ತಾಳ್ಮೆಯಿಂದ ಕೂತಿರುವ ಸಭಿಕರೇ,

ಮೂವತ್ತು ವರ್ಷ ಒಲೆ, ಪೈಪು, ರೆಗ್ಯುಲೇಟರುಗಳ ಜೊತೆ ಬಾಳಿದ ಮೆಕ್ಯಾನಿಕ್ ನಾನು. ನಿವೃತ್ತಿಯ ದಿನ ನೀವು ಕೊಟ್ಟ ಈ ಫಲಕ ನೋಡಿ, ನಟ್ಟನಡುವೆ ಹಿತ್ತಾಳೆಯ ಮೂಗು! ಕೆಳಗೆ ‘ಊರು ಕಾಯ್ದ ಮೂಗು’ ಎಂಬ ಬರಹ. ನನ್ನ ನಿಜವಾದ ಹೆಸರು ಯಾರಿಗೆ ನೆನಪಿದೆ? ಮೂಗಪ್ಪ ಎಂದರೆ ಸಾಕು, ಪೋಸ್ಟ್‌ಮ್ಯಾನ್ ಕೂಡ ನೇರ ನಮ್ಮ ಮನೆಗೇ ಬರುತ್ತಾನೆ.

ಇದೆಲ್ಲ ಶುರುವಾದದ್ದು ಬೇಕರಿಯಲ್ಲಿ. ಅದರ ಯಜಮಾನರು ಕಡ್ಡಿ ಗೀರಿ ಸೋರಿಕೆ ಹುಡುಕಲು ಹೊರಟಿದ್ದರು. ಹಿಂದಿನ ವಾರದ ಹುಡುಕಾಟದಲ್ಲೇ ಅವರ ಒಂದು ಹುಬ್ಬು ಹೋಗಿತ್ತು. “ಏನ್ ಸ್ವಾಮಿ, ಗ್ಯಾಸ್ ಹುಡುಕ್ತಿದ್ದೀರೋ, ಸ್ವರ್ಗದ ದಾರಿ ಹುಡುಕ್ತಿದ್ದೀರೋ?” ಎಂದು ಕಡ್ಡಿಪೆಟ್ಟಿಗೆ ಕಿತ್ತುಕೊಂಡೆ. ಬಗ್ಗಿ ಪೈಪಿನ ತುದಿಗೆ ಸೋಪಿನ ನೊರೆ ಬಳಿದೆ, ಗುಳ್ಳೆ ಎದ್ದಿತು. ಯಜಮಾನರು ನೋಡಿದ್ದು ನಾನು ಬಗ್ಗಿದ್ದನ್ನು ಮಾತ್ರ. “ಮೂಸಿ ಹಿಡಿದುಬಿಟ್ರಲ್ರೀ!” ಎಂದು ಬೀದಿಯೆಲ್ಲ ಸಾರಿದರು. ನಾನು ತಿದ್ದಲು ಹೋಗಲಿಲ್ಲ. ಹೊಗಳಿಕೆ ಯಾರಿಗೆ ಬೇಡ ಹೇಳಿ?

ಮುಂದಿನ ಸಾಲಿನಲ್ಲಿ ನಮ್ಮ ಮನೆಯವಳು ಮೂಗು ತಟ್ಟಿ ತೋರಿಸುತ್ತಿದ್ದಾಳೆ. ಬೆಳಿಗ್ಗೆಯೇ ಜಗಳವಾಗಿದೆ. “ನಿಜ ಹೇಳದೆ ಆ ಫಲಕ ಹೊಸಿಲು ದಾಟಿಸಿದ್ರೆ ನೋಡಿ!” ಎಂದಿದ್ದಳು. ಆಯ್ತು ಕಣೇ, ಹೇಳುತ್ತೇನೆ.

ಸಭಿಕರೇ, ಈ ಮೂಗಿಗೆ ವಾಸನೆಯೇ ತಿಳಿಯುವುದಿಲ್ಲ!

ಇಪ್ಪತ್ತನೇ ವಯಸ್ಸಿನ ಒಂದು ಜ್ವರದಲ್ಲಿ ಅದು ಹೋಯಿತು. ಮದುವೆಯಾದ ವಾರದಲ್ಲೇ ಇವಳು ಕಂಡುಹಿಡಿದಳು. ಹಾಲು ಸೀದು ಮನೆಯೆಲ್ಲ ನಾರುತ್ತಿದ್ದರೂ ನಾನು ಒಲೆಯ ಪಕ್ಕದಲ್ಲೇ ಆರಾಮಾಗಿ ಪೇಪರ್ ಓದುತ್ತಿದ್ದೆ. “ನಿಮ್ಮ ಮೂಗು ಇರೋದು ಕನ್ನಡಕ ಕೂರಿಸೋಕಷ್ಟೇ ಕಣ್ರೀ” ಎಂದಳು. ಕೆಲಸ ಹೋದೀತೆಂಬ ಭಯಕ್ಕೆ ಮೂವತ್ತು ವರ್ಷ ಬಾಯಿ ಬಿಡಲಿಲ್ಲ. ನಾಚಿಕೆಯಾಗುತ್ತದೆ. ನಿಮ್ಮನ್ನು ಕಾಯ್ದದ್ದು ಒಂದು ಬಟ್ಟಲು ಸೋಪಿನ ನೀರು, ಒಂದು ಹಳೆಯ ಬ್ರಷ್ಷು. ನಗಿ, ನಗಿ. ನನಗೂ ಹಗುರಾಯಿತು.

ಇದೇನೇ, ಹೇಳಿಯಾಯಿತಲ್ಲ! ಇನ್ನೂ ಯಾಕೆ ಮೂಗು ತೋರಿಸುತ್ತಿದ್ದೀಯ? ನನ್ನದಲ್ಲವೇ? ನಿನ್ನ ಮೂಗೇ? ಪರದೆಯ ಹಿಂದೆ ಏನು?

ಅಯ್ಯಯ್ಯೋ, ಟೀ ಒಲೆಯ ಗ್ಯಾಸ್ ಸೋರುತ್ತಿದೆ!

ಸಭಿಕರೇ, ಗಾಬರಿ ಬೇಡ, ಓಡಬೇಡಿ. ಒಂದೇ ಒಂದು ಸ್ವಿಚ್ಚನ್ನೂ ಮುಟ್ಟಬೇಡಿ. ಹಾಕುವುದೂ ಬೇಡ, ಆರಿಸುವುದೂ ಬೇಡ. ಮೊಬೈಲ್ ಜೇಬಿನಲ್ಲೇ ಇರಲಿ. ಗೋಡೆ ಪಕ್ಕದವರು ಕಿಟಕಿ ಬಾಗಿಲು ಪೂರ್ತಿ ತೆರೆದು ಹೊರಗೆ ನಡೆಯಿರಿ. ಟೀ ಮಾಡುವವರೇ, ರೆಗ್ಯುಲೇಟರ್ ಬಂದ್ ಮಾಡಿ ಆಚೆ ಬನ್ನಿ, ಕಡ್ಡಿ ಗೀರೀರಿ ಜೋಕೆ! ಅಧ್ಯಕ್ಷರೇ, ನನ್ನ ಭಾಷಣ ನಿಲ್ಲಿಸುವ ಆಸೆ ಎಷ್ಟೇ ಇದ್ದರೂ ಮೈಕ್ ಆರಿಸಬೇಡಿ.

ಈ ಫಲಕವನ್ನು ಹೊರಗೆ ಬಯಲಲ್ಲಿ ಅವಳ ಕೈಗೆ ಕೊಡಿ. ಊರು ಕಾಯ್ದ ಮೂಗು ಅವಳದೇ. ಚಪ್ಪಾಳೆ ಬೇಕಾದರೆ ಈಗಲೇ ತಟ್ಟಿ, ಅದರಿಂದ ಕಿಡಿ ಹಾರುವುದಿಲ್ಲ. ಇಷ್ಟು ಹೊತ್ತು ಕೇಳಿದ ಎಲ್ಲರಿಗೂ, ಕೇಳದೆ ಮೂಸುತ್ತಿದ್ದ ಒಬ್ಬಳಿಗೂ ಧನ್ಯವಾದ. ಬಾಗಿಲು ಆ ಕಡೆ. ನಮಸ್ಕಾರ, ನಮಸ್ಕಾರ, ನಡೆಯಿರಿ!