ಮೂಸಲು ಕೊಟ್ಟ ಕೈ

ದೀಪ ಆಮೇಲೆ ಆರಿಸುವಿರಂತೆ, ಮೊದಲು ಇದನ್ನು ಕೇಳಿ. ಅಂತೆಕಂತೆಯಲ್ಲ. ನಮ್ಮ ಚಿಕ್ಕಮ್ಮನ ಮಗನಿಗೇ ಆದದ್ದು.

ಅವನು ನಾಯಿ ಆಸ್ಪತ್ರೆಯಲ್ಲಿ ಸಹಾಯಕ. ಡಾಕ್ಟರು ಸೂಜಿ ಚುಚ್ಚುವಾಗ ನಾಯಿಯನ್ನು ಹಿಡಿದುಕೊಳ್ಳುವವನು. ಬೀದಿಯ ಮಕ್ಕಳಿಗೆಲ್ಲ ‘ನಾಯಿಮಾವ’. ನೆಂಟರ ಮನೆಗೆ ಬಂದರೂ ಅದೇ ಪಾಠ. "ಬಾಲ ಆಡಿಸಿದ್ರೆಲ್ಲಾ ಖುಷಿ ಅಂತಲ್ಲ ಕಣ್ರೋ. ಸೆಟೆದು ನಿಂತ ಬಾಲ ಆಡಿದ್ರೆ ಅದು ಎಚ್ಚರಿಕೆ. ನೀವಾಗಿ ಹೋಗಿ ತಲೆ ಮುಟ್ಬೇಡಿ. ಓರೆಯಾಗಿ ನಿಂತ್ಕೊಳ್ಳಿ, ಕಣ್ಣಲ್ಲಿ ಕಣ್ಣಿಡ್ಬೇಡಿ, ಮುಷ್ಟಿ ಕೆಳಗೆ ಬಿಡಿ. ಅದೇ ಬಂದು ಮೂಸ್ಲಿ. ಮೂಸಿ ಒಪ್ಕೊಂಡ್ರೆ ನೀವು ಅದರವರು." ಕೇಳಿ ಕೇಳಿ ನಮ್ಮ ಕಿವಿ ತೂತಾಗಿತ್ತು. ಆದರೂ ಸುಳ್ಳು ಹೇಳಬಾರದು, ಅವನ ಮೈಮೇಲೆ ಒಂದು ಹಲ್ಲಿನ ಗುರುತೂ ಇರಲಿಲ್ಲ.

ಅವನ ಜೀವವೆಲ್ಲ ಬೂದಿಯ ಮೇಲೆ. ಬೂದಿ ಅಂದರೆ ಅವನು ಸಾಕಿದ ಮುದಿ ಹೆಣ್ಣುನಾಯಿ. ದಿನವೂ ಓಣಿಯ ಬಾವಿಯವರೆಗೆ ಬಂದು ಅವನನ್ನು ಮನೆಗೆ ಕರೆದುಕೊಂಡು ಹೋಗುತ್ತಿತ್ತು. "ನನಗಿಂತ ಅದೇ ಮೇಲು ಬಿಡಿ" ಎಂದು ಹೆಂಡತಿ ಕಿಚಾಯಿಸುತ್ತಿದ್ದಳು.

ಆ ದಿನ ಯಾವುದೋ ನಾಯಿಯ ಆಪರೇಷನ್ ರಾತ್ರಿಯವರೆಗೂ ಎಳೆಯಿತು. ಹೊರಟಾಗ ಓಣಿಯಲ್ಲಿ ನರಪಿಳ್ಳೆ ಇಲ್ಲ. ಬಾವಿಯನ್ನು ಬಳಸುವುದು ಬಿಟ್ಟು ಎಷ್ಟೋ ಕಾಲವಾಗಿತ್ತು. ಒಳಗೆಲ್ಲೋ ನೀರು ಮಾತ್ರ... ತೊಟ್... ತೊಟ್...

ಬೂದಿ ಬಂದಿತ್ತು. ಆದರೆ ಓಡಿ ಬರಲಿಲ್ಲ. ಬಾವಿಯ ಆಚೆ, ಬೀದಿದೀಪದ ಕೆಳಗೇ ನಿಂತುಬಿಟ್ಟಿತ್ತು. ಬಾಲ ಹೊಟ್ಟೆಯಡಿ ಸೇರಿತ್ತು. ಕಿವಿ ಹಿಂದಕ್ಕೆ ಅಂಟಿತ್ತು. ತುಟಿ ನೆಕ್ಕಿಕೊಂಡಿತು, ನಿದ್ದೆ ಬಾರದಿದ್ದರೂ ಆಕಳಿಸಿತು. ಹೆದರಿದೆ... ಯಾರು ಹೊಡೆದರೋ! ಹೆದರಿದ ನಾಯಿ ತನ್ನದೇ ಆದರೂ ಹೊಸ ನಾಯಿ ಎಂದೇ ತಿಳಿಯಬೇಕು, ಅದು ಅವನ ಕಟ್ಟಳೆ. ಓರೆಯಾಗಿ ಕುಕ್ಕರುಗಾಲಲ್ಲಿ ಕೂತ. ಕಣ್ಣು ನೆಲಕ್ಕಿಟ್ಟ. ಬಲಗೈ ಮುಷ್ಟಿಯನ್ನು ಕೆಳಗೆ ಬಿಟ್ಟು ಕಾದ.

ಟಿಕ್... ಟಿಕ್... ಟಿಕ್... ಕಲ್ಲುಹಾಸಿನ ಮೇಲೆ ಉಗುರಿನ ಸದ್ದು. ಹತ್ತಿರ ಬಂತು. ನಿಂತಿತು. ಸುಂಯ್... ಸುಂಯ್... ತಣ್ಣನೆಯ ಒದ್ದೆ ಮೂಗು ಮುಷ್ಟಿಗೆ ತಾಗಿತು.

"ಬಂದ್ಯಾ ಮಗಳೇ..." ಎಂದು ಪಿಸುಗುಟ್ಟಿ ಗದ್ದದ ಕೆಳಗೆ ಕೆರೆದ. ಕೂದಲೆಲ್ಲ ತೊಪ್ಪೆಯಾಗಿ ನೆನೆದಿತ್ತು. ಎಷ್ಟು ತಣ್ಣಗಿತ್ತೆಂದರೆ ಬೆರಳು ಜೋಮು ಹಿಡಿಯಿತು. ತಲೆಯೆತ್ತಿದ.

ಬೂದಿ ದೀಪದ ಕೆಳಗೇ ಇತ್ತು. ಒಂದು ಹೆಜ್ಜೆಯೂ ಕದಲಿರಲಿಲ್ಲ. ನಿಂತಲ್ಲೇ ಉಚ್ಚೆ ಹೊಯ್ದುಕೊಂಡಿತ್ತು.

ಓಡಬಾರದು, ಓಡಿದರೆ ಅಟ್ಟಿಸಿಕೊಂಡು ಬರುತ್ತದೆ... ಇದೂ ಅವನದೇ ಪಾಠ. ಮೆಲ್ಲಗೆ ನಡೆದ. ಟಿಕ್... ಟಿಕ್... ನಿಂತರೆ ಅದೂ ನಿಲ್ಲುತ್ತಿತ್ತು. ಬೂದಿ ದೂರದಲ್ಲೇ ಮುಂದೆ ಮುಂದೆ ಹೋಗಿ, ತಿರುಗಿ ನೋಡಿ ಕುಂಯ್‌ಗುಡುತ್ತಿತ್ತು.

ಹೆಂಡತಿ ಬಾಗಿಲು ತೆಗೆದಳು. ಬೂದಿ ಹೊಸ್ತಿಲಿಗೆ ಅಡ್ಡ ನಿಂತು ಹಲ್ಲು ತೋರಿಸಿತು. ಗುರ್‍ರ್‍ರ್...

"ರೀ... ಇದ್ಯಾಕೆ ನಿಮ್ಮನ್ನ ಕಂಡ್ರೆ ಹೀಗಾಡ್ತಿದೆ?"

"ನನ್ನಲ್ಲ ಕಣೇ... ಅದರ ಕಣ್ಣು ನೋಡು."

ಬೂದಿ ನೋಡುತ್ತಿದ್ದದ್ದು ಅವನ ಬಲ ಮೊಣಕಾಲಿನ ಪಕ್ಕಕ್ಕೆ.

"ಅಲ್ಲೇನೂ ಇಲ್ವಲ್ರೀ..."

"ಮೂಸಲು ಕೈ ಕೊಟ್ಬಿಟ್ಟೆ ಕಣೇ. ಒಪ್ಕೊಂಡ್ಬಿಟ್ಟಿದೆ" ಎಂದ. ಅವನಿಗೆ ಅಳು ಬಂತು. ಎಂಥ ನಾಯಿಯನ್ನೂ ಹತ್ತಿರ ಕರೆಯುವುದು ಅವನಿಗೆ ಗೊತ್ತಿತ್ತು. ಒಪ್ಪಿಕೊಂಡದ್ದನ್ನು ಕಳಿಸುವುದು ಗೊತ್ತಿರಲಿಲ್ಲ.

ಆಸ್ಪತ್ರೆಯ ಕೆಲಸ ಅಷ್ಟಕ್ಕೇ ಮುಗಿಯಿತು. ಅವನು ಒಳಗೆ ಕಾಲಿಟ್ಟರೆ ನಾಯಿಗಳೆಲ್ಲ ಮೇಜಿನಡಿ ನುಗ್ಗುತ್ತಿದ್ದವು. ಈಗ ಪೆಟ್ಟಿಗೆ ಕಟ್ಟುವ ಗೋದಾಮಿನಲ್ಲಿದ್ದಾನೆ. ಬೂದಿ ಎದುರುಮನೆಯ ಮೆಟ್ಟಿಲ ಮೇಲೆ ಮಲಗುತ್ತದೆ. ಇವನು ಕರೆದರೆ ಸೊಂಟವೆಲ್ಲ ಕುಣಿಸಿ ಬಾಲ ಆಡಿಸುತ್ತದೆ, ಅರ್ಧ ಬೀದಿಯವರೆಗೆ ತೆವಳಿ ಬರುತ್ತದೆ, ಅವನ ಮೊಣಕಾಲಿನ ಪಕ್ಕ ನೋಡಿ ವಾಪಸ್ಸು ಹೋಗುತ್ತದೆ. ಅದನ್ನು ನೋಡಲಾಗುವುದಿಲ್ಲ.

ನಂಬುವುದು ಬಿಡುವುದು ನಿಮಗೆ ಬಿಟ್ಟದ್ದು. ಸುಳ್ಳು ಹೇಳಿ ನನಗೇನು ಆಗಬೇಕಿದೆ? ಹೋದ ವಾರ ಅವನ ಮನೆಗೆ ಹೋಗಿದ್ದೆ. ಹೆಂಡತಿ ಒಳಗೆ ಅಡುಗೆ ಮಾಡುತ್ತಿದ್ದಳು. ಅವನು ಕುರ್ಚಿಯಲ್ಲಿ ಕೂತು ಮಾತಾಡುತ್ತಿದ್ದ. ಬಲಗೈ ಪಕ್ಕಕ್ಕೆ ಇಳಿಬಿದ್ದಿತ್ತು. ಎರಡು ಬೆರಳು ಗಾಳಿಯಲ್ಲಿ ಏನನ್ನೋ ಕೆರೆಯುತ್ತಲೇ ಇದ್ದವು.

"ಅದೇನೋ ಅದು?" ಎಂದೆ.

"ನಿಲ್ಲಿಸಿದ್ರೆ ಎದ್ದು ಒಳಗೆ ಹೋಗುತ್ತೆ... ಇವಳನ್ನ ಮೂಸೋಕೆ" ಎಂದು ಪಿಸುಗುಟ್ಟಿದ.

ಅವನ ಬೆರಳಿನ ತುದಿಯಿಂದ ನೀರು ತೊಟ್ಟಿಕ್ಕುತ್ತಿತ್ತು. ನಾನೇ ನೋಡಿದ್ದೇನೆ.