ಮೂರನೆಯ ಕಲ್ಲು

ಮಧ್ಯಾಹ್ನವೇ ಹಿಡಿದ ಮಳೆ ದೀಪ ಹಚ್ಚುವ ಹೊತ್ತಾದರೂ ಬಿಡಲಿಲ್ಲ. ಹೊಳೆ ದಂಡೆಯ ಆ ಕಲ್ಲುಮನೆಯಲ್ಲಿ ಕರೆಂಟು ಹೋಗಿತ್ತು, ದೋಣಿಯೂ ನಿಂತಿತ್ತು. ದಿನ ತುಂಬಿದ ಸೊಸೆಗೆ ಒಂದೇ ಚಿಂತೆ: ಈಗಲೇ ನೋವು ಕಾಣಿಸಿಕೊಂಡರೆ ಆಚೆ ದಡದ ನರ್ಸು ಬರುವುದು ಹೇಗೆ? ಅದನ್ನವಳು ಬಾಯಿಬಿಟ್ಟು ಕೇಳಿದಾಗ ಗಂಡನ ಅಜ್ಜಿ ಎಲ್ಲರನ್ನೂ ನಡುಮನೆಗೆ ಕರೆದು ಕೂರಿಸಿಕೊಂಡಳು.

"ಹತ್ತಿರ ಬನ್ನಿ, ಕೂಗಿ ಹೇಳೋ ಕತೆ ಅಲ್ಲ ಇದು. ಈ ಮನೆ ಕಟ್ಟಿಸಿದೋನು ನನ್ನ ಮಾವನ ಅಪ್ಪ. ಹಿರಿಯರು ಅಂತ ಮರ್ಯಾದೆ ಕೊಡಬೇಕು, ನನ್ನ ಬಾಯಿಗೆ ಬರಲ್ಲ. ಹೊಳೆಗೆ ಆಗಲೂ ಸೇತುವೆ ಇರಲಿಲ್ಲ. ಹೆಜ್ಜೆಗೊಂದು ಹಾಸುಗಲ್ಲು ಹಾಕಿದ್ರು, ಜನ ಅದರ ಮೇಲೇ ದಾಟ್ತಿದ್ರು. ಮನೆ ನೆಲಕ್ಕೆ ಕಲ್ಲು ಸಾಲದೇ ಬಂದಾಗ ಈ ಮಹಾರಾಯನ ಕಣ್ಣು ಅದರ ಮೇಲೆ ಬಿತ್ತು. 'ಬೇಡ ಯಜಮಾನ್ರೇ, ನಾಲ್ಕು ಜನ ತುಳಿಯೋ ದಾರಿ' ಅಂದ ಕಲ್ಲುಕುಟಿಗ. 'ಸೇತುವೆನೇ ಕಟ್ಟಿಸ್ತೀನಿ, ಕೀಳೋ' ಅಂದ ಇವನು. ಕಿತ್ತರು. ಮನೆಗೆ ಸಾಕಾಯ್ತು ಅಂತ ಆಚೆ ದಡದ ಎರಡು ಕಲ್ಲು ಮಾತ್ರ ಹಾಗೇ ಬಿಟ್ಟರು.

ಸೇತುವೆ?... ಮಾತು ಮಾತಾಗೇ ಉಳೀತು. ಮಳೆ ಹಿಡೀತು, ಅವನ ಹೆಂಡ್ತಿಗೆ ನೋವು ಹಿಡೀತು. ಸೂಲಗಿತ್ತಿ ಇದ್ದಿದ್ದು ಆಚೆ ದಡದಲ್ಲಿ, ಮಗಳ ಬಾಣಂತನ ಮುಗಿಸಿ ಬೇರೆ ಊರಿಂದ ಅವತ್ತೇ ವಾಪಸ್ ಬಂದಿದ್ಳು. ಆಳು ಈಚೆಯಿಂದ ಲಾಟೀನು ಬೀಸಿ ಬೀಸಿ ಕರೆದ. ಕಲ್ಲು ಕಿತ್ತಿದ್ದನ್ನ ಅವಳಿಗೆ ಹೇಳೋರು ಯಾರು? ಆ ಹೊಳೆ ಮೊರೆತದಲ್ಲಿ ಹೇಳಿದ್ರೂ ಕೇಳೋರು ಯಾರು? ಕೆಂಪು ನೀರು ಕಲ್ಲು ಮುಚ್ಚಿತ್ತು, ಆದ್ರೆ ಹುಟ್ಟಿದಾಗಿಂದ ತುಳಿದ ದಾರಿ ನೋಡಿ... ಮೊದಲನೇ ಕಲ್ಲು ಕಾಲಿಗೆ ಸಿಕ್ತು. ಎರಡನೇದೂ ಸಿಕ್ತು. ಮೂರನೇದು...

ಮೂರನೇದು ಇಲ್ಲಿತ್ತು, ಈ ನಡುಮನೇಲಿ. ನಾವೀಗ ಕೂತಿರೋದು ಅದರ ಮೇಲೇ."

ಸೊಸೆ ತನಗೇ ಅರಿವಿಲ್ಲದೆ ಪಾದ ಹಿಂದಕ್ಕೆಳೆದುಕೊಂಡಳು.

"ಇತ್ತ ಕೋಣೇಲಿ ಹೆಂಡ್ತಿಗೆ ಮೇಲುಸಿರು. ಅಷ್ಟರಲ್ಲಿ ಸೂಲಗಿತ್ತಿ ಒಳಗೆ ಬಂದ್ಳು. ಮೈಯೆಲ್ಲ ನೀರು, ತುಟಿಪಿಟಕ್ಕನ್ನಲಿಲ್ಲ. ಹೆರಿಗೆ ಮಾಡಿಸಿದ್ಳು. ತಾಯಿ ಉಳಿದ್ಳು, ಮಗು, ಅಂದ್ರೆ ನನ್ನ ಮಾವ, ಉಳಿದ. ಇವನು ಹೊಸ ಸೀರೆ ಹಿಡ್ಕೊಂಡು ಓಡಿ ಬರ್ತಾನೆ, ಅವಳಿಲ್ಲ... ಕಲ್ಲಿಂದ ಕಲ್ಲಿಗೆ ಒದ್ದೆ ಹೆಜ್ಜೆ. ಆಗ ಆಳು ಏದುಸಿರು ಬಿಡ್ತಾ ಬಂದ. 'ಯಜಮಾನ್ರೇ, ಸೂಲಗಿತ್ತಿ ನನ್ನ ಕಣ್ಣೆದುರೇ ಕೊಚ್ಚಿಕೊಂಡು ಹೋದ್ಳು! ಇಷ್ಟು ಹೊತ್ತು ದಡದುದ್ದಕ್ಕೂ ಹುಡುಕಿ ಬಂದೆ!'"

"ಆಮೇಲಾದರೂ ಯಾಕೆ ಸೇತುವೆ ಕಟ್ಟಿಸಲಿಲ್ಲ ಅಜ್ಜಿ?" ಸೊಸೆ ಕೇಳಿದಳು.

"ಹೊಳೆ ದಾಟಿದ ಮೇಲೆ ಅಂಬಿಗನ ಹಂಗ್ಯಾಕೆ? ಅವನೂ ಕಟ್ಟಿಸಲಿಲ್ಲ, ಅವನ ಮಗನೂ ಕಟ್ಟಿಸಲಿಲ್ಲ. ಯಾಕೆ ಕಟ್ಟಿಸ್ತಾರೆ, ಮನೇಲಿ ಹೆರಿಗೆ ಏನೂ ನಿಲ್ಲಲಿಲ್ಲವಲ್ಲ..."

ಅಜ್ಜಿ ಸೊಸೆಯ ತಲೆ ಸವರಿದಳು.

"ನಿನ್ನ ಗಂಡ ಹುಟ್ಟಿದ ದಿನಾನೂ ದೋಣಿ ನಿಂತಿತ್ತು ಮಗಳೇ. ಹೆದರಬೇಡ. ಅವಳ ಕೈ ಮಾತ್ರ ತಣ್ಣಗಿರುತ್ತೆ, ಅಷ್ಟೇ... ಹೊಟ್ಟೆ ಮುಟ್ಟಿದಾಗ ಚೀರಬೇಡ."